ಭಾಮೈದನಿಗಿಂತ ಅಗಲದ ಬಾಗಿಲು

"ನನ್ನ ಮನೆಗೆ ಒಂಟಿ ಬಾಗ್ಲಾ? ಆಗದ ಮಾತು!" ಎಂದು ಗೊಟ್ಟಿಗೆರೆಯ ಬೈರಣ್ಣ, ಅರ್ಧ ಮುಗಿದ ಹೊಸ ಮನೆಯ ಮುಂದೆ ನಿಂತು ಘೋಷಿಸಿದರು. ಘೋಷಣೆ ಕೇಳಲು ಅಲ್ಲಿದ್ದವರು ಹೆಂಡತಿ ಮಂಗಮ್ಮ, ಬಡಗಿ ಗುರುಸಿದ್ದ ಮತ್ತು ಒಂದು ಲೋಡ್ ಜಲ್ಲಿ.

ಅವರ ನೆಮ್ಮದಿ ಕೆಡಿಸಿದವನು ಭಾಮೈದ ನಂದಕುಮಾರ್. ಚಿಕ್ಕಲಸಂದ್ರದ ತನ್ನ ಮನೆಗೆ ಅವನು ಜೋಡಿ ಬಾಗಿಲು ಇಡಿಸಿದ್ದ. ಗೃಹಪ್ರವೇಶದ ದಿನ ಎರಡು ಕೈಯಲ್ಲಿ ಎರಡು ಕದ ತಳ್ಳಿ, ದಿವಾನರ ಗತ್ತಿನಲ್ಲಿ "ಬನ್ನಿ ಭಾವ" ಎಂದಿದ್ದ. ಅಂದಿನಿಂದ ಬೈರಣ್ಣನವರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ತಾವೂ ಹಾಗೆಯೇ ಎರಡು ಕದ ತಳ್ಳಿ, ಅದೇ ಭಾಮೈದನನ್ನು "ಬಾರಯ್ಯ" ಎಂದು ಕರೆಯಬೇಕು. ಇಲ್ಲದಿದ್ದರೆ ಇಡೀ ಗೊಟ್ಟಿಗೆರೆಯ ಮಾನ ಏನಾಗಬೇಕು!

ತೊಡಕು ಒಂದೇ. ವಾಸಕಾಲು ಆಗಲೇ ನಿಂತುಬಿಟ್ಟಿತ್ತು, ಅದೂ ಒಂಟಿ ಬಾಗಿಲಿನ ಅಳತೆಗೆ: ಮೂರೂವರೆ ಅಡಿ. ಹೊಸ್ತಿಲ ಕೆಳಗೆ ನವಧಾನ್ಯ ಹಾಕಿ, ಅರಿಶಿನ ಬಳಿದು, ಪೂಜೆ ಮಾಡಿ ನಿಲ್ಲಿಸಿದ್ದರು.

"ಕಿತ್ತಾಕಿ ಅಗ್ಲ ಮಾಡ್ಸಾಣ," ಎಂದರು ಬೈರಣ್ಣ.

"ಪೂಜೆ ಆಗಿರೋ ವಾಸಕಾಲು ಕೀಳ್ತಾರಾ? ಅದನ್ನ ಮುಟ್ಟಿದ್ರೆ ಈ ಮನೆಗೆ ನಾನು ಕಾಲಿಡಲ್ಲ, ಹೇಳಿದೀನಿ!" ಎಂದರು ಮಂಗಮ್ಮ.

ಬೈರಣ್ಣನವರ ತಲೆ ಕುದುರೆಯಂತೆ ಓಡಿತು. "ಹಂಗಾರೆ ವಾಸಕಾಲು ಹಂಗೇ ಇರ್ಲಿ. ಗುರುಸಿದ್ದ, ಇದ್ರೊಳಗೇ ಎರಡು ಕದ ಕೂರ್ಸು!"

ಉತ್ತರ ಕರ್ನಾಟಕದಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದ ಗುರುಸಿದ್ದ ಟೇಪು ಹಿಡಿದು ನಿಟ್ಟುಸಿರಿಟ್ಟ. "ಸಾಹೇಬ್ರ, ಒಂದೊಂದು ಕದ ಒಂದೂಮುಕ್ಕಾಲು ಅಡಿನೂ ಬರಂಗಿಲ್ರಿ. ಒಂದ ಕದ ತೆಗದ್ರ ಮನಶ್ಯಾ ಅಡ್ಡ ತಿರುಗಿ ಹೋಗಬೇಕಾಗ್ತದ."

"ಎರಡೂ ತೆಗೀತೀನಿ ಕಣಯ್ಯ! ನಂಗೇನು ಕೈ ಎರಡಿಲ್ವಾ?"

"ಜೋಡಿ ಅಂದಮ್ಯಾಲ ಒಂದು ಹಟ ಹಿಡದ ಹಿಡೀತದ್ರಿ," ಎಂದು ಗುರುಸಿದ್ದ ಗಂಡ ಹೆಂಡತಿಯನ್ನು ನೋಡಿ ಮೆಲ್ಲಗೆ ನಕ್ಕ.

ಬೈರಣ್ಣನವರದು ಮೂಲೆ ಸೈಟು. ಮಂಗಮ್ಮ ಪಕ್ಕದ ರಸ್ತೆಯ ಕಡೆ, ಅಡುಗೆಮನೆಗೆ, ಮೂರೂವರೆ ಅಡಿಯ ಒಂಟಿ ಬಾಗಿಲು ಹಾಕಿಸಿಕೊಂಡರು.

ಗೃಹಪ್ರವೇಶದ ಹಿಂದಿನ ದಿನ ಬೈರಣ್ಣ ಜೋಡಿ ಬಾಗಿಲಿಗೆ ಮೂರನೇ ಸಲ ಪಾಲಿಶ್ ಹೊಡೆಸಿದರು. ಅಷ್ಟಕ್ಕೂ ತೃಪ್ತಿಯಾಗದೆ ಚಿಲಕಗಳಿಗೂ ತಾವೇ ಬ್ರಷ್ ಆಡಿಸಿದರು. ಚಿಲಕವೂ ಮಿಂಚಲಿ! ಸಂಜೆ ಮಳೆ ಬೇರೆ ಸುರಿಯಿತು.

ಬೆಳಗ್ಗೆ ಎಂಟೂಕಾಲರೊಳಗೆ ಮುಹೂರ್ತ. ನೂರಾರು ನೆಂಟರು. ಎಲ್ಲರಿಗಿಂತ ಮುಂದೆ ನಂದಕುಮಾರ್. ಬೈರಣ್ಣ ಜರತಾರಿ ಪಂಚೆಯಲ್ಲಿ ಬಂದು, ಎದೆ ಸೆಟೆಸಿ, ಎರಡೂ ಕದ ತಳ್ಳಿದರು. ಬಲಗಡೆಯದು ತೆರೆಯಿತು. ಎಡಗಡೆಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ! ಮೇಲಿನ ಚಿಲಕ ಪಾಲಿಶ್ ಕುಡಿದು ಕಚ್ಚಿಕೊಂಡಿತ್ತು.

ಗುರುಸಿದ್ದ ಒಳಗೆ ನುಸುಳಿ ಸುತ್ತಿಗೆಯಿಂದ ಕುಟ್ಟಿದ. ಕುಟ್ಟಿದಷ್ಟೂ ಅದು ಬಿಗಿಯಾಯಿತು. ಪುರೋಹಿತರು ವಾಚು ನೋಡಿದರು. "ಯಜಮಾನ್ರೇ, ಹತ್ತೇ ನಿಮಿಷ!"

"ಹಸು ಮೊದ್ಲು ಹೋಗ್ಲಿ," ಎಂದರು ಬೈರಣ್ಣ ಬೆವರುತ್ತ.

ಗೃಹಪ್ರವೇಶಕ್ಕೆಂದೇ ಟೆಂಪೋದಲ್ಲಿ ಬಂದಿದ್ದ ಹಸು ಅದು. "ತಿಂಗ್ಳಿಗೆ ಇಪ್ಪತ್ತು ಮನೆ ಹೊಗ್ತದೆ ಸಾರ್, ಫುಲ್ ಎಕ್ಸ್‌ಪೀರಿಯೆನ್ಸ್!" ಎಂದ ಹಸುವಿನವನು. ಆ ಅನುಭವಸ್ಥ ಹಸು ಸಂದಿಯನ್ನು ನೋಡಿತು. ಬೈರಣ್ಣನವರನ್ನು ನೋಡಿತು. ರಂಗೋಲಿಯ ಮೇಲೆ ಮಲಗಿಬಿಟ್ಟಿತು.

ಮಂಗಮ್ಮ ಕಾಯಲಿಲ್ಲ. ವಾಸಕಾಲಿನ ಮಾವಿನ ತೋರಣ ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ಬಾರವ್ವ ತಾಯಿ" ಎಂದು ಹಸುವನ್ನು ಎಬ್ಬಿಸಿ ಪಕ್ಕದ ರಸ್ತೆಗೆ ನಡೆಸಿದರು. ತೋರಣ ಅಡುಗೆಮನೆ ಬಾಗಿಲಿಗೇರಿತು. ಹಸು ಬಲಗಾಲಿಟ್ಟು ರಾಣಿಯಂತೆ ಒಳಹೊಕ್ಕಿತು. ಹಿಂದೆ ಪುರೋಹಿತರು, ನೆಂಟರು, ವಾದ್ಯದವರು, ಕೊನೆಗೆ ನಂದಕುಮಾರನೂ. ಮುಹೂರ್ತದೊಳಗೆ ಹಾಲು ಉಕ್ಕಿತು. ಹೊರಗೆ ಉಳಿದವರು ಯಜಮಾನರೊಬ್ಬರೇ!

"ಭಾವ, ಈ ಕಡೆಯಿಂದ ಬನ್ನಿ!" ನಂದಕುಮಾರ್ ಹಾಲ್‌ನಿಂದ ಕೂಗಿದ.

ಬೈರಣ್ಣನವರಿಗೆ ಅಳು ಬರುವುದೊಂದು ಬಾಕಿ. "ಯಜಮಾನ ಆದೋನು ಅಡಿಗೆಮನೆ ಬಾಗ್ಲಲ್ಲಿ ಬರ್ತಾನೇನಯ್ಯ? ಮುಂಬಾಗ್ಲಲ್ಲೇ ಬರ್ತೀನಿ!" ಎಂದವರೇ ಅಡ್ಡ ತಿರುಗಿ, ಉಸಿರು ಬಿಗಿಹಿಡಿದು ನುಗ್ಗಿದರು. ತಲೆ ಹೋಯಿತು. ಒಂದು ಭುಜ ಹೋಯಿತು. ಹೊಟ್ಟೆ ಮಾತ್ರ ಹೊಸ್ತಿಲ ಮೇಲೇ ಠಿಕಾಣಿ ಹೂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ! ಕೈ ಹಿಡಿದು ಎಳೆದವನು ಬೇರೆ ಯಾರೂ ಅಲ್ಲ, ಅದೇ ಭಾಮೈದ.

ಅಷ್ಟರಲ್ಲಿ ತಡವಾಗಿ ಬಂದ ದೂರದ ನೆಂಟರು ಅಕ್ಕಯಮ್ಮ, ಚಪ್ಪಲಿಯ ರಾಶಿ, ತೋರಣ ಎಲ್ಲ ನೋಡಿ ಪಕ್ಕದ ಬಾಗಿಲಿನಿಂದಲೇ ಒಳಬಂದರು. ಮನೆಗೆಲ್ಲ ಕೇಳುವಂತೆ ಹೊಗಳಿದರು:

"ಮುಂಬಾಗ್ಲು ಎಷ್ಟು ಲಕ್ಷಣವಾಗಿದೆ ಮಂಗಮ್ಮ! ಒಂದೇ ಕದ, ಧಾರಾಳವಾಗಿದೆ. ಆದ್ರೆ ನಿಮ್ಮನೆಯೋರಿಗೆ ಹೇಳವ್ವ, ಆ ಕಡೆ ಹಿಂಬಾಗ್ಲಲ್ಲಿ ಯಾರೋ ಕರೀದೇ ಊಟಕ್ಕೆ ನುಗ್ಗೋಕೆ ಹೋಗಿ ಸಿಕ್ಕಾಕ್ಕೊಂಡವ್ರೆ!"