ಬಂಗಾರದ ಮೀನಿನ ಕಿಲ್ಲಾ

ಉಡುಗೊರೆ ಕೊಡುವವರಿಗೆಲ್ಲ ಒಂದು ಖೋಡಿ ಇರುತ್ತದೆ, ಮಕ್ಕಳೇ. ತಮಗೆ ಬೇಕಾದದ್ದನ್ನೇ ಇನ್ನೊಬ್ಬರ ಕೈಗೆ ಇಡುತ್ತಾರೆ. ನಿಮ್ಮ ಅಜ್ಜ ಒಂದು ಸಲ ನನಗೆಂದು ರೇಡಿಯೋ ತಂದು, ದಿನವೆಲ್ಲ ತಾವೇ ಕ್ರಿಕೆಟ್ ಕೇಳಿದರು. ಇರಲಿ, ಅವರು ಕೊಟ್ಟದ್ದು ಮಾತು ಬರುವ ಹೆಂಡತಿಗೆ. ನಾವು ಕೊಡಹೊರಟದ್ದು ಸದಾ ಬಾಯಿ ತೆರೆದಿದ್ದರೂ ಮಾತೇ ಬಾರದ ಮೀನಿಗೆ.

ಎಂಬತ್ತನೇ ಇಸವಿಯ ಆಚೀಚೆಯ ಮಾತು. ನಾವು ಬೆಳಗಾವಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಜ್ಜ ಉದ್ಯಮಬಾಗದ ಫೌಂಡ್ರಿಯಲ್ಲಿದ್ದರು. ಊರು ಬಿಟ್ಟು ಹೊರಟ ಅವರ ಸಾಹೇಬರು ಒಂದು ಗಾಜಿನ ತೊಟ್ಟಿಯನ್ನೂ ಅದರೊಳಗಿನ ಒಂಟಿ ಬಂಗಾರದ ಮೀನನ್ನೂ ನಮಗೆ ದಾಟಿಸಿದರು. ಲಿಂಗಾಯತರ ಮನೆಗೆ ಮೀನು ಬಂದ ಸುದ್ದಿ ಓಣಿಗೆಲ್ಲ ಹಬ್ಬಿತು. ಬಾಜು ಮನೆಯ ಸುಶೀಲಾಬಾಯಿ ಖಾನಾಪುರ ಕಡೆಯವರು, ಮೀನಿನ ಅಡುಗೆಯಲ್ಲಿ ಪಳಗಿದ ಕೈ. ಬಂದು ಬಗ್ಗಿ ನೋಡಿ, "ವೈನಿ, ಇಷ್ಟೇ ಐತಲ್ರೀ, ಯಾರಿಗೆ ಸಾಲತೈತಿ?" ಅಂದರು. ಆಗ ಸಣ್ಣವಳಾಗಿದ್ದ ನಿಮ್ಮ ಅವ್ವ ಸಿಟ್ಟಿನಿಂದ ತೊಟ್ಟಿಗೆ ಅಡ್ಡ ನಿಂತಳು.

ಅವಳಿಗೆ ಬೇರೆಯೇ ಚಿಂತೆ. "ಅವ್ವಾ, ಇದಕ್ಕ ಆಡಾಕ ಏನೂ ಇಲ್ಲ. ಬ್ಯಾಸರಾಗಿ ಸತ್ರ?" ದೀಪಾವಳಿಗೆ ಇಲ್ಲಿನ ಹುಡುಗರು ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟಿ, ಬಣ್ಣದ ಸಿಪಾಯಿಗಳನ್ನು ನಿಲ್ಲಿಸುತ್ತಾರಲ್ಲ, ಅವಳೂ ಕಟ್ಟಿದ್ದಳು. ಹಬ್ಬ ಮುಗಿದ ಮೇಲೆ ಕೆಲಸವಿಲ್ಲದೆ ನಿಂತಿದ್ದ ಆ ಸೈನ್ಯವನ್ನು ನಾವಿಬ್ಬರೂ ಸೇರಿ ನೀರಿಗೆ ಇಳಿಸಿದೆವು. "ಕಿಲ್ಲಾ ಅಂದಮ್ಯಾಲೆ ತೋಪು ಬ್ಯಾಡೇನು?" ಎಂದು ಅಜ್ಜ ಎರಕದ ಕಬ್ಬಿಣದ ಪುಟ್ಟ ಫಿರಂಗಿಯೊಂದನ್ನು ತಂದಿಟ್ಟರು. ಸಿಪಾಯಿಗಳು ಬಣ್ಣ ಬಿಟ್ಟು ನೀರು ಹೋಳಿಯಾಯಿತು. ತೋಪು ತುಕ್ಕು ಹಿಡಿಯಿತು. ಒಬ್ಬ ಸಿಪಾಯಿಯ ತಂತಿಯ ಕತ್ತಿ ತಾಗಿ ಮೀನಿನ ಬಾಲ ಹರಿಯಿತು. ಮೀನು ಕಾಳು ಮುಟ್ಟಲಿಲ್ಲ, ಅದನ್ನು ನೋಡಿ ನಿಮ್ಮ ಅವ್ವ ರೊಟ್ಟಿ ಮುಟ್ಟಲಿಲ್ಲ. ಇದು ಸತ್ತರೆ ಈ ಹುಡುಗಿಗೆ ಏನು ಹೇಳಲಿ ಎಂದು ಮೊದಲು ಸಿಪಾಯಿಗಳನ್ನೆಲ್ಲ ಹೊರಗೆ ತೆಗೆದೆ.

ನಾನು ಕಲಿತ ಹಳ್ಳಿ ಸಾಲಿಯಲ್ಲಿ ಮೀನಿನ ಪಾಠ ಇರಲಿಲ್ಲ. ಆದರೆ ಸೀರೆಯ ವಿದ್ಯೆ ಗೊತ್ತಿತ್ತು. ಹೊಸ ಇಳಕಲ್ಲ ಸೀರೆ ಬಣ್ಣ ಬಿಡುತ್ತದೋ ಎಂದು ಬೇರೆ ಬಕೀಟಿನಲ್ಲಿ ನೆನೆಸಿ ನೋಡುವುದಿಲ್ಲವೇ? ನೀರು ಬದಲಿಸಿ, ಮನೆಯ ಆಟಿಕೆಗಳನ್ನೆಲ್ಲ ಹಾಗೇ ನೆನೆಸಿದೆ. ಬಣ್ಣ ಬಿಡದವುಗಳ ಮೇಲೆ ಹಳೇ ಸೀರೆಯ ಸೆರಗು ಎಳೆದೆ. ನೂಲು ಸಿಕ್ಕುವಲ್ಲಿ ಮೀನಿನ ರೆಕ್ಕೆಯೂ ಸಿಕ್ಕೀತು. "ನಮ್ಮ ಫೌಂಡ್ರಿಯಾಗೂ ಇಷ್ಟು ತಪಾಸಣಿ ಇಲ್ಲ ಬಿಡು" ಎಂದು ಅಜ್ಜ ನಕ್ಕರು. ಒಂದು ಪ್ಲಾಸ್ಟಿಕ್ಕಿನ ಬಾತುಕೋಳಿ ಪಾಸಾಯಿತು. ತೇಲಬಿಟ್ಟೆ. ಮೀನು ಹೆದರಿ, ಇನ್ನೂ ತೆಗೆಯದಿದ್ದ ತೋಪಿನ ಹಿಂದೆ ಅವಿತಿತು.

ಅದು ಅವಿತ ರೀತಿ ನೋಡಿ ನನಗೆ ಗುರುತು ಹತ್ತಿತು. ಮನೆಗೆ ಯಾರಾದರೂ ಬಂದರೆ ನಾನು ಅಡುಗೆಮನೆಯ ಬಾಗಿಲ ಹಿಂದೆ ಹೀಗೇ ನಿಲ್ಲುತ್ತಿದ್ದೆ. ಇದಕ್ಕೆ ಆಟ ಬೇಡ, ಮರೆ ಬೇಕು! ಸುಶೀಲಾಬಾಯಿಗೆ ಹೇಳಿದೆ. ಅವರು ಖಾನಾಪುರದ ಕುಂಬಾರರ ಹೊಸ ಕುಡಿಕೆಯೊಂದನ್ನು ತಂದರು. ಬಣ್ಣವಿಲ್ಲ, ಹೊಳಪಿಲ್ಲ. ಅಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿ, ತೋಪು ತೆಗೆದು, ಅಡ್ಡ ಮಲಗಿಸಿದೆವು. "ಮೀನ ಗಡಿಗ್ಯಾಗ ಹಾಕೂದು ನನಗ ಭಾಳ ರೂಢಿ ವೈನಿ. ಜೀವಂತ ಹಾಕೂದು ಖರೇ ಇದ ಪೈಲಾ ಸಲ" ಅಂದರು.

ಮೀನು ಒಳಗೆ ಹೊಕ್ಕಿತು. ಮರುದಿನ ಕಾಳು ತಿಂದಿತು. ನಿಮ್ಮ ಅವ್ವನೂ ಎರಡು ರೊಟ್ಟಿ ತಿಂದಳು. ಬಾಲ ಮೆಲ್ಲಗೆ ಕೂಡಿಕೊಂಡಿತು.

ಆದರೆ ಮೀನು ನೋಡಲು ಬಂದವರಿಗೆ ಈಗ ಕುಡಿಕೆಯಷ್ಟೇ ಕಾಣುತ್ತಿತ್ತು. "ಮೀನ ಎಲ್ಲೈತ್ರಿ?" ಅನ್ನುವರು. ಅಜ್ಜ ಅಡುಗೆಮನೆಯ ಕಡೆ ಮುಖ ಮಾಡಿ, "ಏ, ಹೊರಗ ಬಾ ಇಲ್ಲೆ. ಅದು ನಿನ್ನ ಕೈಗಷ್ಟ ಬರತೈತಿ" ಎಂದು ಕೂಗುವರು. ನಾನು ಸೆರಗು ಸರಿಮಾಡಿಕೊಂಡು ಪಡಸಾಲೆಯ ನಡುವೆ ಬಂದು ಕಾಳು ಹಾಕುವೆ. ಮೀನು ಮೂತಿ ಹೊರಗಿಟ್ಟು, ಬಂದವರನ್ನು ನೋಡಿ, ಸರ್ರನೆ ಒಳಗೆ ಹೋಗುವುದು. ನೋಡಲು ಬೇರೇನೂ ಇಲ್ಲದೆ, ಬಂದವರೆಲ್ಲ ನನ್ನನ್ನೇ ನೋಡುತ್ತ ಕೂಡುವರು.