ಎರಡು ಉದ್ದ, ಒಂದು ಗಿಡ್ಡ

ನಮ್ಮ ಮಾವನ ಕಾರು ಮನೆಗೆ ಬರುವ ಹತ್ತು ನಿಮಿಷ ಮೊದಲೇ ಅದರ ಹಾರ್ನ್ ಬಂದು ತಲುಪುತ್ತಿತ್ತು. ಆ ಸದ್ದು ಕೇಳಿ ಅತ್ತೆ ಎಸರಿಟ್ಟರೆ, ಮಾವ ಕೈಕಾಲು ತೊಳೆಯುವಷ್ಟರಲ್ಲಿ ಮುದ್ದೆ ಸಿದ್ಧ!

ಹಾರ್ನ್ ಹಾಕಿಸಿದ ದಿನ ಹಿರಿಯೂರಿನ ಗ್ಯಾರೇಜಿಗೆ ನಾನೂ ಹೋಗಿದ್ದೆ. ಮೆಕ್ಯಾನಿಕ್ ಬೇಡವೆಂದೇ ಹೇಳಿದ.

“ಯಜಮಾನ್ರೆ, ಇದು ಲಾರಿಗೆ ಹಾಕೋ ಗಾಳಿ ಹಾರ್ನು. ನಿಮ್ ಬ್ಯಾಟ್ರಿ ತಡಿಯಲ್ಲ.”

“ಬ್ಯಾಟ್ರಿ ವಿಚಾರ ನಂಗೆ ಬಿಡಪ್ಪ. ಕೀರಲು ದನಿ ಬೇಕು. ಅರ್ಧ ಮೈಲಿ ಕೇಳ್ಬೇಕು.”

ಮಾವ ಒಂದೊಂದೇ ಕೊಳವೆ ಕೂಗಿಸಿ, ಕಣ್ಣು ಮುಚ್ಚಿ ಕೇಳಿ, ಗ್ಯಾರೇಜಿನವರೆಲ್ಲ ಕಿವಿ ಮುಚ್ಚಿಕೊಂಡ ಕೊಳವೆಯನ್ನೇ ಆರಿಸಿದ. ಡ್ಯಾಶ್‌ಬೋರ್ಡಿಗೆ ಒಂದು ಕೆಂಪು ಗುಂಡಿ ಬಂತು. ಅರ್ಧ ಮೈಲಿ ಆಚೆ ಇರುವವರಿಗೆ ಇವನ ಕಾರಿನಿಂದ ಏನಾಗಬೇಕು? ನನಗೆ ಅದೇ ತಲೆಯಲ್ಲಿ ಕೊರೆಯತೊಡಗಿತು.

ಐಮಂಗಲದ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಮಾವ ಗುಂಡಿ ಒತ್ತಿದ. ಎರಡು ಉದ್ದ, ಒಂದು ಗಿಡ್ಡ. ದೂರದ ಹೊಲದಲ್ಲಿ ಮೇಯುತ್ತಿದ್ದ ಕುರಿಗಳೆಲ್ಲ ಓಡಿಬಂದು ಕಾರನ್ನು ಸುತ್ತುವರಿದವು. ಹಾರ್ನ್ ಕೇಳಿ ಕುರಿ ಓಡಿಹೋಗುವುದನ್ನು ಕಂಡಿದ್ದೆ, ಓಡಿಬರುವುದನ್ನು ಕಂಡದ್ದು ಅವತ್ತೇ. ಒಂದಂತೂ ಬಾನೆಟ್ಟಿನ ಮೇಲೆ ಮುಂಗಾಲಿಟ್ಟು ಮಾವನ ಮುಖವನ್ನೇ ನೋಡುತ್ತಿತ್ತು.

“ಇವು ಯಾಕೆ ಬಂದ್ವು ಮಾವ?”

“ನಮ್ಮಣ್ಣ ಮಂದೆ ಕೂಡಿಸಾಕೆ ಹಾಕೋ ಸಿಳ್ಳೆ ಇದೇ ಅಲ್ಲೇನಲೇ.”

ಆಗ ತಿಳಿಯಿತು, ಅದು ದೊಡ್ಡಮಾವನ ಮಂದೆ. ಮಾವ ತನ್ನ ಪಾಲಿನ ಕುರಿ ಮಾರಿ ಈ ಕಾರು ಕೊಂಡಾಗ ಅಣ್ಣತಮ್ಮಂದಿರಿಗೆ ಜಗಳವಾಗಿ, ಮನೆದೇವರ ಮುಂದೆ ಆಣೆ ಇಟ್ಟು ಮಾತು ಬಿಟ್ಟಿದ್ದರು.

“ಆಣೆ ಮುರಿದಂಗಾಗ್ಲಿಲ್ವ?”

“ಮಾತಾಡಲ್ಲ ಅಂತ ಆಣೆ ಐತೆ. ಹಾರ್ನ್ ಒತ್ತಲ್ಲ ಅಂತ ಎಲ್ಲೈತೆ?”

ಅಷ್ಟರಲ್ಲಿ ಹೊಲದ ಕಡೆಯಿಂದ ಅದೇ ಸಿಳ್ಳೆ ಬಂತು. ಕುರಿಗಳು ತಿರುಗಿ ಓಡಿದವು. ಅದು ಕುರಿಗಳನ್ನು ಕರೆದದ್ದೋ, ತಮ್ಮನಿಗೆ ಕೊಟ್ಟ ಉತ್ತರವೋ? ಮಾವ ಮಾತ್ರ ಮನೆ ಮುಟ್ಟುವ ತನಕ ಒಬ್ಬನೇ ನಗುತ್ತಿದ್ದ. ಅಂದಿನಿಂದ ದಿನಾ ಸಂಜೆ ಇದೇ ಮಾತುಕತೆ.

ಹೋದ ತಿಂಗಳು ಚಿತ್ರದುರ್ಗದಲ್ಲಿ ಟ್ರಾಫಿಕ್ ಪೊಲೀಸರು ಆ ಹಾರ್ನನ್ನು ಬಿಚ್ಚಿಸಿದರು. ಕೆಂಪು ಗುಂಡಿ ಮಾತ್ರ ಉಳಿಯಿತು. ಕಾರಿನ ಮಾಮೂಲಿ ಹಾರ್ನು ಹೊಲದ ತನಕ ಕೇಳುವಂಥದ್ದಲ್ಲ. ಹಿಂದಿನ ಸೀಟಿನಲ್ಲಿ ನಾನಿದ್ದೆ. ಐಮಂಗಲದ ಅದೇ ಜಾಗದಲ್ಲಿ ಮಾವ ಕಾರು ನಿಲ್ಲಿಸಿ ಹೊಲದ ಕಡೆ ನೋಡುತ್ತ ಕುಳಿತ. ಬಾಯಿಬಿಟ್ಟು ಕರೆದರೆ ಆಣೆ ಮುರಿಯುತ್ತದೆ, ಕರೆಯದಿದ್ದರೆ ಅಣ್ಣನ ದನಿ ಕೇಳುವುದಿಲ್ಲ. ನನಗೆ ನೋಡಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ದೊಡ್ಡಮಾವ ಮಂದೆಯನ್ನು ಹೊಲದಲ್ಲೇ ಬಿಟ್ಟು, ಜಾರುತ್ತಿದ್ದ ಕಂಬಳಿಯನ್ನು ಹಿಡಿದುಕೊಂಡು ಏದುಸಿರು ಬಿಡುತ್ತ ಬಂದು ಕಿಟಕಿಯಲ್ಲಿ ಬಗ್ಗಿದ.

“ಲೇ, ಹುಷಾರಿದೀಯೇನಲೇ? ಇವತ್ತು ಯಾಕೆ ಕೂಗ್ಲಿಲ್ಲ?”

ಮಾವನ ಬೆರಳು ಕೆಂಪು ಗುಂಡಿಯ ಮೇಲೆ ಹೋಗಿ ಎರಡು ಸಲ ಉದ್ದಕ್ಕೆ, ಒಂದು ಸಲ ಗಿಡ್ಡಕ್ಕೆ ಒತ್ತಿತು. ಸದ್ದೇನೂ ಬರಲಿಲ್ಲ. ದೊಡ್ಡಮಾವ ಆ ಬೆರಳನ್ನೇ ನೋಡಿದ. ಆಮೇಲೆ ಅಲ್ಲಿಯೇ, ತಮ್ಮನ ಕಿವಿಯ ಪಕ್ಕದಲ್ಲಿ, ಸಿಳ್ಳೆ ಹಾಕಿದ. ಮಂದೆಯೆಲ್ಲ ಓಡಿಬಂದು ಇಬ್ಬರನ್ನೂ ಸುತ್ತುವರಿಯಿತು.