ಐಸ್‌ಕ್ರೀಂ ಡಬ್ಬದ ಬೀಳ್ಕೊಡುಗೆ

ಡೆನ್ಜಿಲ್ ಪಾಸ್ಕೊನ ಮಾನ ಹೋದದ್ದು ಫೋನಿನ ಒಂದು ಸದ್ದಿನಿಂದ. ಆ ಸದ್ದನ್ನು ಹಾಕಿಕೊಂಡವನು ಅವನೇ; ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ಆಸ್ಟ್ರೇಲಿಯಾದ ಕಡೀನಾ ಊರಿನ ಸ್ಕೂಲ್ ಬಸ್ ಡಿಪೋದಲ್ಲಿ ಅವತ್ತು ಅವನ ಕೊನೆಯ ದಿನ. ಅರ್ಧ ಆಯಸ್ಸು ಊರವರ ಮಕ್ಕಳ ಕಿರುಚಾಟ, ವಾಂತಿ, ಸೀಟಿನಡಿ ಅಂಟಿಸಿದ ಚೂಯಿಂಗ್ ಗಮ್ಮು ಎಲ್ಲ ಸಹಿಸಿದ್ದಕ್ಕೆ ಮಧ್ಯಾಹ್ನ ಚಹಾ, ಮಾಂಸ ತುಂಬಿದ ಪೇಸ್ಟಿ ಕಡುಬು, ಮ್ಯಾನೇಜರನ ಭಾಷಣ ಎಂದು ಗೊತ್ತಾಗಿತ್ತು. ಸರಿಯಾಗಿ ಅದೇ ಹೊತ್ತಿಗೆ ಇಂಟರ್‌ನೆಟ್ಟಿನಲ್ಲಿ ಒಂದು ಹರಾಜು ಮುಗಿಯುವುದಿತ್ತು. ಕೆಂಪು ತಗಡಿನ ಆಟಿಕೆ ಫೈರ್ ಇಂಜಿನ್, ಹಳದಿ ಏಣಿ, ಕೀಲಿ ಕೊಟ್ಟರೆ ಗಂಟೆ ಬಾರಿಸಿಕೊಂಡು ಓಡುವಂಥದ್ದು.

ಏಳು ವರ್ಷದವನಿದ್ದಾಗ ಅಂಥದ್ದನ್ನೇ ಪಕ್ಕದ ವಾಲರೂ ಊರಿನ ಅಂಗಡಿಯೊಂದರ ಗಾಜಿಗೆ ಮೂಗು ಒತ್ತಿ ನೋಡಿದ್ದ. "ಮುಂದಿನ ಕ್ರಿಸ್‌ಮಸ್‌ಗೆ ಕೊಡಿಸ್ತೀನಿ ಕಣೋ" ಅಂದಿದ್ದ ಅಪ್ಪ. ಮುಂದಿನ ಕ್ರಿಸ್‌ಮಸ್ ಬಂತು, ಅಪ್ಪ ಬರಲಿಲ್ಲ. ಪರ್ತ್ ಕಡೆ ಯಾರ ಜೊತೆಗೋ ಹೋದ ಅಂದರು. ದೊಡ್ಡವನಾದ ಮೇಲೆ ಡೆನ್ಜಿಲ್ ತಗಡಿನ ಟ್ರಾಮು ಕೊಂಡ, ಹಾಲಿನ ವ್ಯಾನು ಕೊಂಡ, ಚಕ್ರವಿಲ್ಲದ ಟ್ರ್ಯಾಕ್ಟರು ಕೊಂಡ. ಶೆಡ್ಡು ತುಂಬಿ ಕಾರು ಬಿಸಿಲಿಗೆ ಬಿತ್ತು. ಆ ಫೈರ್ ಇಂಜಿನ್ ಮಾತ್ರ ಸಿಗಲಿಲ್ಲ. ಅದರ ಕತೆ ಕೇಳಿ ಕೇಳಿ ಡಿಪೋದವರ ಕಿವಿ ಸವೆದಿತ್ತು.

ಹೆಂಡತಿ ಗ್ಲೆನಿಸ್ ಹೋದ ತಿಂಗಳೇ ಹೇಳಿಬಿಟ್ಟಿದ್ದಳು: "ಇನ್ನೊಂದು ತಗಡು ಕೊಂಡ್ಯೋ, ನಾನು ನಮ್ಮಕ್ಕನ ಮನೇಲಿರ್ತೀನಿ. ನೀನು ಆ ಟ್ರ್ಯಾಕ್ಟರ್ ಜೊತೆ ಸಂಸಾರ ಮಾಡ್ಕೊಂಡಿರು." ಕೆಲಸ ಬಿಟ್ಟ ಮೇಲೆ ಇಬ್ಬರೂ ಕ್ಯಾರವಾನ್ ಎಂಬ ಮನೆಗಾಡಿ ಕೊಂಡು ದೇಶ ಸುತ್ತುವುದೆಂದು ದುಡ್ಡು ಕೂಡಿಸಿಟ್ಟಿದ್ದರು. ಡೆನ್ಜಿಲ್ ಅವಳ ಕೈ ಮುಟ್ಟಿ ಆಣೆ ಇಟ್ಟ. ಮೂರು ವಾರಕ್ಕೆ ಫೈರ್ ಇಂಜಿನ್ ಹರಾಜಿಗೆ ಬಂತು.

ಹರಾಜಿನ ಜಾಲತಾಣದಿಂದ ಏನೇ ಸುದ್ದಿ ಬಂದರೂ ತಪ್ಪಬಾರದೆಂದು ಫೋನಿಗೆ ಫೈರ್ ಇಂಜಿನ್ನಿನ ಗಂಟೆಯ ಸದ್ದನ್ನೇ ಹಾಕಿಕೊಂಡ.

ಕೊನೆಯ ದಿನ ಬೆಳಿಗ್ಗೆ ಆಫೀಸಿಗೆ ಕಾಲಿಟ್ಟಾಗ ಗುಮಾಸ್ತೆ ನೊಲೀನ್ ಏನನ್ನೋ ಸರಕ್ಕನೆ ಮೇಜಿನಡಿ ತಳ್ಳಿದಳು. ಹಳೇ ಐಸ್‌ಕ್ರೀಂ ಡಬ್ಬ. ಡಿಪೋದಿಂದ ಯಾರೇ ಹೊರಟರೂ ಅವರ ಬೆನ್ನ ಹಿಂದೆ ಆ ಡಬ್ಬ ಕೈಯಿಂದ ಕೈಗೆ ಓಡುತ್ತಿತ್ತು. ಸೇರಿದ ಚಂದಾದಲ್ಲಿ ಎಲ್ಲರಿಗೂ ಒಂದೇ ಉಡುಗೊರೆ, ಗೋಡೆ ಗಡಿಯಾರ. ಡೆನ್ಜಿಲ್ ಕಾಣದವನಂತೆ ಆಚೆ ತಿರುಗಿದ. 'ಇಷ್ಟು ದಿನ ಹೊತ್ತು ನೋಡಿ ನೋಡಿ ಸತ್ತೆ. ಇನ್ನು ಮನೇಲೂ ಅದನ್ನೇ ನೋಡ್ತಾ ಕೂತಿರು ಅಂತಾರೆ' ಎಂದು ಒಳಗೇ ಉರಿದುಕೊಂಡ.

ಮಧ್ಯಾಹ್ನ ಎಲ್ಲರೂ ಡಿಪೋದ ಹಾಲ್‌ನಲ್ಲಿ ಕೂಡಿದರು. ಗ್ಲೆನಿಸ್ ಲ್ಯಾಮಿಂಗ್ಟನ್ ಕೇಕಿನ ತಟ್ಟೆ ಹಿಡಿದು ಬಂದಳು. ಮ್ಯಾನೇಜರ್ ಭಾಷಣ ಶುರು ಮಾಡಿ, "ನಮ್ಮ ಡೆನಿಸ್..." ಅಂದ.

"ಡೆನ್ಜಿಲ್" ಎಂದು ಮೆಕ್ಯಾನಿಕ್ ಕ್ಲಾರಿ ತಿದ್ದಿದ.

"ಹೌದು, ಡೆನ್ಜಿಲ್. ಇವರ ಬಸ್ಸಲ್ಲಿ..."

ಢಣ್ ಢಣ್ ಢಣ್! ಡೆನ್ಜಿಲ್‌ನ ಜೇಬು ಹೊಡೆದುಕೊಂಡಿತು.

"ಬೆಂಕಿ ಎಲ್ಲಿ ಬಿತ್ತಪ್ಪಾ?" ಅಂದ ಕ್ಲಾರಿ.

ಹರಾಜಿನಲ್ಲಿ ಯಾರೋ ಅವನನ್ನು ಮೀರಿಸಿದ್ದರು. "ಪೇಸ್ಟಿ... ಹೊಟ್ಟೆ..." ಎನ್ನುತ್ತ ಡೆನ್ಜಿಲ್ ಶೌಚಾಲಯಕ್ಕೆ ಓಡಿದ. ನೊಲೀನ್ ಅಷ್ಟರಲ್ಲಾಗಲೇ ಚಹಾ ನೀರು ನೋಡುತ್ತೇನೆಂದು ಪಕ್ಕದ ಅಡುಗೆಕೋಣೆ ಸೇರಿದ್ದಳು.

ಶೌಚಾಲಯದಲ್ಲಿ ಸಿಗ್ನಲ್ ಸಿಗುವುದು ಮೇಲಿನ ಕಿಟಕಿಯ ಹತ್ತಿರ ಮಾತ್ರ. ಡೆನ್ಜಿಲ್ ಕಮೋಡಿನ ಅಂಚಿಗೆ ಹತ್ತಿ, ದೀಪದ ಹುಳ ಹಿಡಿಯುವ ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡು ಬೆಲೆ ಏರಿಸಿದ. ಗೋಡೆಯಾಚೆ ಅಡುಗೆಕೋಣೆಯಲ್ಲಿ "ಅಯ್ಯೋ!" ಎಂದು ಯಾರೋ ಚೀರಿದರು. ಪಾಪ, ಬಿಸಿನೀರು ಬಿತ್ತೇನೋ ಅಂದುಕೊಂಡ. ಫೋನು ಗಂಟೆ ಬಾರಿಸಿತು. ಮತ್ತೆ ಏರಿಸಿದ.

"ಥೂ, ನಿನ್ನ ಕೈ ಸೇದಿಹೋಗ!" ಗೋಡೆಯಾಚೆಯಿಂದ ಬಂತು. ಬಾಯ್ಲರಿಗೆ ಬೈಯುತ್ತಿರಬೇಕು.

ಕ್ಲಾರಿ ಬಾಗಿಲು ಗುದ್ದಿದ. "ಏನಯ್ಯಾ, ಒಳಗೆ ಗೇರ್‌ಬಾಕ್ಸ್ ಬಿಚ್ಚಿದ್ದೀಯಾ? ಭಾಷಣ ಕಾಯ್ತಿದೆ!"

"ಎರಡೇ ನಿಮಿಷ!"

"ಡೆನ್ಜ್, ಜೀವ ಇದೆಯಾ?" ಗ್ಲೆನಿಸ್‌ಳ ದನಿ. ಹೆಂಡತಿಯ ದನಿಗೆ ಕಾಲು ಜಾರಿ, ಬಲಗಾಲಿನ ಬೂಟು ಕಮೋಡಿನೊಳಗೆ ಇಳಿಯಿತು. ಇಳಿದರೆ ಇಳಿಯಲಿ. ಎದುರಾಳಿಯ ಏರಿಕೆ ಸಣ್ಣದಾಗುತ್ತ ಬಂದಿತ್ತು. ಚಿಲ್ಲರೆ ಕೆದಕುತ್ತಿರುವವನ ಲಕ್ಷಣ. ಡೆನ್ಜಿಲ್ ಕಣ್ಣು ಮುಚ್ಚಿ ಕ್ಯಾರವಾನಿನ ದುಡ್ಡನ್ನೆಲ್ಲ ಒಂದೇ ಸಲಕ್ಕೆ ಒತ್ತಿಬಿಟ್ಟ. ಹರಾಜು ಮುಗಿಯಿತು. ಫೈರ್ ಇಂಜಿನ್ ಅವನದು! ಒಂದು ಕಾಲು ನೀರಿನಲ್ಲಿಟ್ಟುಕೊಂಡೇ ಅವನು ಏಳು ವರ್ಷದ ಹುಡುಗನ ಹಾಗೆ ಅತ್ತ.

ಪಚಕ್ ಪಚಕ್ ಎನ್ನುವ ಬೂಟಿನಲ್ಲಿ ಹಾಲ್‌ಗೆ ಬಂದಾಗ ಭಾಷಣ ಮುಗಿದಿತ್ತು; ಅವನಿಲ್ಲದ್ದರಿಂದ ಯಾರಿಗೂ ತೊಂದರೆಯಾದಂತಿರಲಿಲ್ಲ. ನೊಲೀನ್ ಮಾತ್ರ ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದಳು. ಕೈಯಲ್ಲಿ ಡಬ್ಬ, ತುಂಬ ನೋಟು.

"ಕ್ಷಮಿಸು ಕಣೋ ಡೆನ್ಜಿಲ್" ಅಂದಳು. "ಗಡಿಯಾರ ಬೇಡ, ಇವನಿಗೆ ಆ ಫೈರ್ ಇಂಜಿನ್ನೇ ಕೊಡ್ಸೋಣ ಅಂತ ಎಲ್ಲರೂ ಸೇರಿ ದುಡ್ಡು ಹಾಕಿದ್ವಿ. ಕ್ಲಾರಿ ಹೋದ ವಾರದ ಬಿಯರೇ ಬಿಟ್ಟ. ಇಂಟರ್‌ನೆಟ್ಟಲ್ಲಿ ಯಾವನೋ ದರಿದ್ರದವನು ಕೊನೇ ಗಳಿಗೇಲಿ ಬಾಚ್ಕೊಂಡು ಹೋದ!"

ಡೆನ್ಜಿಲ್ ಆಗಷ್ಟೇ ಬಾಯಿಗಿಟ್ಟ ಲ್ಯಾಮಿಂಗ್ಟನ್ ಸಿಮೆಂಟಾಯಿತು.

"ನಾನೂ ಒಪ್ಪಿದ್ದೆ" ಅಂದಳು ಗ್ಲೆನಿಸ್ ಮೆಲ್ಲಗೆ. "ಇದೊಂದು ಬರಲಿ ಅಂತ ಮುಂದಿನ ಕೋಣೆ ಶೆಲ್ಫು ಒರೆಸಿಟ್ಟಿದ್ದೆ."

"ಆ ನನ್ಮಗ ಸಿಗ್ಲಿ, ಬಸ್ಸಿನಡಿ ಹಾಕ್ತೀನಿ" ಅಂದ ಕ್ಲಾರಿ. "ನೀನೂ ಬೈಯೋ, ಹಗುರ ಆಗುತ್ತೆ."

"ಹಾಳಾಗ್ಲಿ ಅವನು" ಎಂದು ಡೆನ್ಜಿಲ್ ಬೈದ. ಮನಸ್ಸಿಟ್ಟೇ ಬೈದ.

"ನಾನೇನು ಸುಮ್ನೆ ಬಿಡ್ತೀನಾ?" ನೊಲೀನ್ ಫೋನು ಎತ್ತಿದಳು. "ಗೆದ್ದವನ ಹೆಸರು ತೋರ್ಸಲ್ಲ, ಆದ್ರೆ ಅವನಿಗೆ ನಾಲ್ಕು ಮಾತು ಬರೀಬಹುದು. ಬರ್ದಿದ್ದೀನಿ, ಎಲ್ಲರೂ ಕೇಳಿ. 'ಒಬ್ಬ ಬಡಪಾಯಿಯ ಬಾಲ್ಯ ಕದ್ದ ನಿನಗೆ ರಾತ್ರಿ ನಿದ್ದೆ ಬರದಿರಲಿ.' ಸರಿ ಇದೆಯಾ?"

"ಬಹಳ ಮೆತ್ತಗಾಯ್ತು. ಆದ್ರೂ ಕಳ್ಸು" ಅಂದ ಕ್ಲಾರಿ.

ಡೆನ್ಜಿಲ್‌ನ ಕೈ ಜೇಬಿನ ಕಡೆ ಹೊರಟಿತು. ನೊಲೀನ್‌ಳ ಹೆಬ್ಬೆರಳು ಮೊದಲು ತಲುಪಿತು.

ಢಣ್ ಢಣ್ ಢಣ್!

ಈ ಸಲ ಬೆಂಕಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಗ್ಲೆನಿಸ್ ಬಂದು ಅವನ ಜೇಬಿನಿಂದ ಫೋನು ತೆಗೆದು ನೋಡಿದಳು. ಬೆಲೆಯನ್ನೂ ನೋಡಿದಳು.

ನೊಲೀನ್ ಡಬ್ಬವನ್ನು ಮೇಜಿನ ಮೇಲಿಟ್ಟಳು. ಕ್ಲಾರಿ ಮೊದಲು ಎದ್ದು ತನ್ನ ನೋಟು ಎತ್ತಿಕೊಂಡ. ಆಮೇಲೆ ಡ್ರೈವರುಗಳು ಒಬ್ಬೊಬ್ಬರಾಗಿ, ಚರ್ಚಿನಲ್ಲಿ ಸಾಲು ನಿಂತವರಷ್ಟೇ ಗಂಭೀರವಾಗಿ. ಮ್ಯಾನೇಜರ್ ತಾನು ಹಾಕಿದ್ದಕ್ಕಿಂತ ಕೊಂಚ ಹೆಚ್ಚೇ ತೆಗೆದ ಎಂದು ಆಮೇಲೆ ಮಾತಾಯಿತು. ಕೊನೆಗೆ ಗ್ಲೆನಿಸ್ ಬಂದಳು. ತನ್ನ ನೋಟು ತೆಗೆದುಕೊಂಡಳು. ಪಕ್ಕದಲ್ಲಿದ್ದ ಕಾರಿನ ಕೀಲಿಯನ್ನೂ. ಅವಳ ಅಕ್ಕನ ಮನೆಯ ಕಡೆಗೆ ಕಾರು ತಿರುಗಿದ್ದು ಕಿಟಕಿಯಿಂದ ಎಲ್ಲರಿಗೂ ಕಂಡಿತು.

ನೊಲೀನ್ ಖಾಲಿ ಡಬ್ಬವನ್ನು ತನ್ನ ಏಪ್ರನ್ನಿನಲ್ಲೇ ಒರೆಸಿ, ಡೆನ್ಜಿಲ್‌ನ ಕೈಗೆ ಕೊಟ್ಟಳು.

"ತಗೋ, ಡಿಪೋದ ನೆನಪಿಗೆ" ಅಂದಳು. "ಹಳೇದು. ಮುಚ್ಚಳ ಇನ್ನೂ ಸರಿಯಾಗಿ ಕೂರುತ್ತೆ. ನಿನ್ನಂಥ ಹಳೇ ಸಾಮಾನು ಕೂಡಿಡೋರಿಗೆ ಅದೇ ತಾನೇ ಮುಖ್ಯ?"